ಸಂಪಾಜೆ ದಾಟಿದ ಡ್ರಮ್ಮು

ನಾಗೇಶ್ವರನಿಗೆ ಹೇಸಿಗೆ ಬಹಳ. ಅದು ಹುಟ್ಟಿನಿಂದಲೇ ಬಂದದ್ದು. ತಂದೆ ಭಾಗಮಂಡಲದ ದಾರಿಯಲ್ಲಿ ಒಂದು ಸಣ್ಣ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ಮಡಿ ಮೈಲಿಗೆ ಮನೆಯಲ್ಲಿ ಇದ್ದೇ ಇತ್ತು. ಆದರೆ ಇವನದು ಆ ಲೆಕ್ಕದ್ದಲ್ಲ. ಇವನಿಗೆ ಶಾಸ್ತ್ರಕ್ಕಿಂತ ಮೊದಲು ಹೊಟ್ಟೆ ಮಾತಾಡುತ್ತಿತ್ತು. ಎದುರು ಪಂಕ್ತಿಯವನು ಕಲಸಿದ ಸಾರು ಮೊಣಕೈವರೆಗೆ ಇಳಿದರೆ ಇವನ ಊಟ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಯಾರಾದರೂ ಕ್ಯಾಕರಿಸಿದರೆ ಇಳಿದು ನಡೆದುಬಿಡೋಣ ಅನ್ನಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ತ್ರಿಪುರಸುಂದರಿ ಇದನ್ನು ಕಂಡು ಗಾಬರಿಯಾದಳು. ಆಮೇಲಾಮೇಲೆ ನಗುವುದನ್ನು ಕಲಿತಳು. ಮಗಳು ಹುಟ್ಟಿದಾಗ, "ನೀವು ಈ ಕೋಣೆಯ ಕಡೆ ಬರಲೇಬೇಡಿ. ಮಗುವನ್ನು ಮೀಯಿಸಿ ಒರಸಿ ಪೌಡರ್ ಹಾಕಿ ನಾನೇ ಕಳಿಸ್ತೇನೆ" ಅಂದವಳು ಅವಳು.

ಇಂಥವನ ಪಾಲಿಗೆ ಬಂದ ಕೆಲಸ ಮಾತ್ರ ಹದಿನಾಲ್ಕು ಜನರ ಉಗುಳು ತೊಳೆಯುವುದು.

ಮಡಿಕೇರಿಯ ಪೇಟೆಯ ಮೇಲುಗಡೆ ಗುಡ್ಡದಲ್ಲಿ ಆಗ ವಾರ್ ಮೆಮೋರಿಯಲ್ ಕಾಲೇಜು ಎಂದು ಒಂದಿತ್ತು. ಎಸ್ಟೇಟಿನ ಧಣಿಗಳೂ ಪಿಂಚಣಿಯ ಮಿಲಿಟರಿ ಅಧಿಕಾರಿಗಳೂ ಸೇರಿ ಯುದ್ಧ ಮುಗಿದ ಮೇಲೆ ಕಟ್ಟಿಸಿದ್ದು. ಹನ್ನೆರಡು ವರ್ಷ ನಡೆದು ಮುಚ್ಚಿಹೋಯಿತು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಆ ಕಾಲದಲ್ಲಿ ನಾಗೇಶ್ವರ ಅಲ್ಲಿ ಲೈಬ್ರರಿಯ ಗುಮಾಸ್ತ. ಯಾವುದೋ ವಿಸರ್ಜನೆಯಾದ ಪಲ್ಟನ್ನಿನ ಬ್ಯಾಂಡಿನ ಸಾಮಾನು ಅಗ್ಗಕ್ಕೆ ಸಿಕ್ಕಿತೆಂದು ಕಾಲೇಜಿನವರು ಕೊಂಡು ತಂದರು. ಇಡಲು ಲೈಬ್ರರಿಯ ಪಕ್ಕದ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಹಾಗಾಗಿ ಬೀಗದ ಕೈ ನಾಗೇಶ್ವರನ ಕೈಗೆ ಬಂತು. ಬೀಗದ ಕೈಯ ಹಿಂದೆಯೇ, ಪ್ರತಿ ಅಭ್ಯಾಸದ ನಂತರ ಕಹಳೆಗಳ ಕೊಳವೆ ಬಿಚ್ಚಿ, ಒಳಗೆ ನಿಂತ ಉಗುಳನ್ನು ಬಗ್ಗಿಸಿ ಚೆಲ್ಲಿ, ಬಟ್ಟೆ ತೂರಿಸಿ ಒರಸುವ ಕೆಲಸವೂ ಬಂತು. ಮೂಗಿಗೆ ಪಂಚೆಯ ಅಂಚು ಕಟ್ಟಿಕೊಂಡು ಮಾಡುತ್ತಿದ್ದ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದ.

ಬ್ಯಾಂಡ್ ಕಲಿಸಲು ಬಂದವರು ಕಕ್ಕಬೆಯ ಬೆಳ್ಯಪ್ಪ. ಪಿಂಚಣಿ ಪಡೆದ ಬ್ಯಾಂಡ್ ಹವಲ್ದಾರ್, ಬರ್ಮಾ ಯುದ್ಧ ಕಂಡವರು, ಐವತ್ತೈದರ ಆಸುಪಾಸು. ಒಂದು ದಿನ ಅವರು ಕೋಣೆಯ ಬಾಗಿಲಲ್ಲಿ ನಿಂತು ಇವನು ಮೂಗು ಕಟ್ಟಿಕೊಂಡು ಒರಸುವುದನ್ನು ನೋಡಿದರು. "ಭಟ್ರೆ, ನಿಮಗೆ ಉದ್ದ ಉಸಿರಿದೆ. ಮಂತ್ರ ಹೇಳುವ ಮನೆಯ ಉಸಿರು. ನನಗೊಬ್ಬ ಕ್ಲಾರಿನೆಟ್ಟಿನವನು ಬೇಕು" ಅಂದರು.

"ಇನ್ನೊಬ್ಬರು ಬಾಯಿಗಿಟ್ಟದ್ದನ್ನು ನಾನು ಬಾಯಿಗಿಡುವುದಿಲ್ಲ, ಹವಲ್ದಾರ್ರೆ" ಎಂದ ನಾಗೇಶ್ವರ.

ಬೆಳ್ಯಪ್ಪ ನಗಲೂ ಇಲ್ಲ, ವಾದಕ್ಕೂ ನಿಲ್ಲಲಿಲ್ಲ. ತಿಂಗಳ ನಂತರ ಬೆಂಗಳೂರಿನಿಂದ ಬಂದ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಒಳಗೆ ಕ್ಲಾರಿನೆಟ್ಟಿನ ಹೊಸ ಬಾಯಿತುಂಡು ಮತ್ತು ಅದಕ್ಕೆ ಬಿಗಿಯುವ ಆರು ಹೊಸ ರೀಡುಗಳಿದ್ದವು. "ಇದಕ್ಕೆ ಈವರೆಗೆ ಯಾರ ತುಟಿಯೂ ತಾಗಿಲ್ಲ. ಇನ್ನು ಮುಂದೆಯೂ ನಿಮ್ಮದೊಂದೇ" ಅಂದರು. ಹಾಗೆ ಶುರುವಾದದ್ದು. ಮೊದಲು ಬಾತುಕೋಳಿ ಕೂಗಿದ ಹಾಗೆ ಬರುತ್ತಿದ್ದ ಸ್ವರ ಆರು ತಿಂಗಳಲ್ಲಿ ಪಳಗಿತು. ಬೆಳಗಿನ ಮಂಜಿನಲ್ಲಿ ಕಾಲೇಜಿನ ಮೈದಾನದಲ್ಲಿ ನಿಂತು ಊದುವಾಗ ನಾಗೇಶ್ವರನಿಗೆ, ತನ್ನ ಬಾಯಿಂದಲೂ ಒಂದು ಚೊಕ್ಕಟವಾದ ವಸ್ತು ಹೊರಗೆ ಬರುತ್ತಿದೆ ಅನ್ನಿಸುತ್ತಿತ್ತು. ಅಷ್ಟು ಸುಖ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಐವತ್ತಮೂರನೇ ಇಸವಿಯ ಡಿಸೆಂಬರಿನಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಮಂಗಳೂರಿಗೆ ಹೊರಟಿತು. ಗೆದ್ದವರಿಗೆ ಕಪ್ಪು ಕೊಡುವ ಪಂದ್ಯಾವಳಿಯ ಕೊನೆಯ ಪಂದ್ಯ. ಮೂರು ವರ್ಷದಿಂದ ಸೋತು ಬರುತ್ತಿದ್ದ ತಂಡ. ಈ ಸಲ ಬ್ಯಾಂಡೂ ಜೊತೆಗೆ ಹೋಗಬೇಕೆಂದು ಹಟ ಹಿಡಿದವರು ಆಟದ ಮೇಷ್ಟ್ರು ಕುಶಾಲಪ್ಪ. ಎತ್ತರದ ಆಳು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಯಾರನ್ನು ಕಂಡರೂ ಹೆಗಲ ಮೇಲೆ ಕೈ. ಹುಡುಗರಿಗೆ ಅವರೆಂದರೆ ಪ್ರಾಣ. ನಾಗೇಶ್ವರನಿಗೂ ಅವರ ಮೇಲೆ ಬೇಸರವೇನೂ ಇರಲಿಲ್ಲ. ಊಟವಾದ ಮೇಲೆ ಬೆಂಕಿಕಡ್ಡಿಯಲ್ಲಿ ಹಲ್ಲು ಚುಚ್ಚುತ್ತಾ ಮಾತಾಡುವುದೊಂದನ್ನು ಬಿಟ್ಟರೆ.

ಬಸ್ಸಿಗೆ ಸಾಮಾನು ಹತ್ತಿಸುವಾಗ ನಾಗೇಶ್ವರ ದೊಡ್ಡ ಡ್ರಮ್ಮಿಗೆ ಕೈ ಹಾಕಿದ. ಎಂದಿನಂತೆ ಎತ್ತಲು ಹೋದರೆ ಅದು ಏಳಲಿಲ್ಲ.

"ಅದನ್ನು ಬಿಡಿ ಭಟ್ರೆ, ನಾವು ಹತ್ತಿಸ್ತೇವೆ" ಎಂದು ಕುಶಾಲಪ್ಪ ಓಡಿ ಬಂದರು. ಅದನ್ನು ಬಾರಿಸುವ ಹುಡುಗ ಶಿರಂಗಾಲದ ಪುಟ್ಟಸ್ವಾಮಿ. ಹೊಗೆಸೊಪ್ಪು ಬೆಳೆಯುವ ಮನೆಯವನು, ಬಲವಾದ ತೋಳಿನವನು. ಅವನೂ ಕುಶಾಲಪ್ಪನವರೂ ಆ ಕಡೆ ಈ ಕಡೆ ಹಿಡಿದು, ಹಸುಗೂಸನ್ನು ಮಲಗಿಸುವವರಂತೆ ಡ್ರಮ್ಮನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಪುಟ್ಟಸ್ವಾಮಿ ನಾಗೇಶ್ವರನ ಮುಖ ನೋಡಲಿಲ್ಲ.

ಸಂಪಾಜೆ ಘಾಟಿ ಇಳಿಯುವಾಗ ಆದದ್ದನ್ನು ನಾಗೇಶ್ವರ ಆಮೇಲೆ ಹೆಂಡತಿಗೂ ಪೂರ್ತಿ ಹೇಳಲಿಲ್ಲ. ಮೂರನೆಯ ತಿರುವಿನಲ್ಲಿ ಕಾರ್ನೆಟ್ ಕಹಳೆ ಊದುವ ಹುಡುಗನೊಬ್ಬ ಕಿಟಕಿಗೆ ತಲೆ ಹಾಕಿದ. ಗಾಳಿ ಎದುರಿನದು. ಹಿಂದಿನ ಮೂರು ಕಿಟಕಿಯವರ ಮೇಲೂ ಬಂತು. ಅದನ್ನು ಕಂಡು ಇನ್ನಿಬ್ಬರು, ಅವರನ್ನು ಕಂಡು ಮತ್ತೆ ನಾಲ್ವರು. ಬೆಳಿಗ್ಗೆ ಹಾಸ್ಟೆಲಿನಲ್ಲಿ ತಿಂದ ಕಡುಬು, ಹಂದಿ ಸಾರು ಎಲ್ಲವೂ ಬಸ್ಸಿನ ನೆಲದ ಮೇಲೆ ತಿರುವಿಗೆ ತಕ್ಕಂತೆ ಆ ಕಡೆಯಿಂದ ಈ ಕಡೆಗೆ ಹರಿಯಿತು. ಆಟದ ತಂಡದ ಹುಡುಗರು ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡು ಕೇಕೆ ಹಾಕಿದರು. ನಾಗೇಶ್ವರ ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಎದೆಗವುಚಿ, ಕಣ್ಣು ಮುಚ್ಚಿ, ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು ಕೂತ. ಹೊಟ್ಟೆ ಗಂಟಲಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು.

ಘಾಟಿ ಮುಗಿದಲ್ಲಿ ಕೊಡಗು ಮುಗಿದು ಮದ್ರಾಸ್ ರಾಜ್ಯ. ಆ ಕಡೆ ಪಾನನಿರೋಧ. ಕೊಡಗಿನಿಂದ ಹೋಗುವ ಬಸ್ಸು ಲಾರಿಗಳನ್ನೆಲ್ಲ ನಿಲ್ಲಿಸಿ ಬಾಟಲಿ ಹುಡುಕುತ್ತಿದ್ದರು. ಚೆಕ್‌ಪೋಸ್ಟಿನ ಜಮಾದಾರ ಬಸ್ಸಿನ ಬಾಗಿಲಿಗೆ ಬಂದವನು ವಾಸನೆಗೆ ಮೂಗು ಮುಚ್ಚಿಕೊಂಡ. ಆದರೂ ಹತ್ತಿದ. ನಾಗೇಶ್ವರ ಬರೆದು ತಂದಿದ್ದ ವಾದ್ಯಗಳ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದೇ ಪೆಟ್ಟಿಗೆಯನ್ನು ತಟ್ಟುತ್ತಾ ಹಿಂದಕ್ಕೆ ಹೋದ. ಕೊನೆಗೆ ದೊಡ್ಡ ಡ್ರಮ್ಮಿನ ಮೇಲೆ ಅಂಗೈಯಿಂದ ಹೊಡೆದ.

ದಪ್ ಎಂದಿತು. ಮೂಟೆಗೆ ಹೊಡೆದ ಸದ್ದು. ಅದರ ಬೆನ್ನಿಗೇ ಗಾಜಿಗೆ ಗಾಜು ತಾಗಿದ ಬಹಳ ಸಣ್ಣ ಸದ್ದೊಂದು ನಾಗೇಶ್ವರನಿಗೆ ಕೇಳಿತು. ಮುಂದೆ ಕೂತಿದ್ದ ಬೆಳ್ಯಪ್ಪ ಥಟ್ಟನೆ ತಿರುಗಿ ನೋಡಿದರು.

"ಇದೇನು ಹೀಗೆ?" ಎಂದ ಜಮಾದಾರ.

"ಮಡಿಕೇರಿಯ ಮಂಜು ಸ್ವಾಮಿ, ಚರ್ಮ ನೆನೆದು ಹೋಗಿದೆ" ಎಂದರು ಕುಶಾಲಪ್ಪ, ನಗುತ್ತಾ. ಆಮೇಲೆ ನಾಗೇಶ್ವರನ ಹೆಗಲ ಮೇಲೆ ಕೈ ಹಾಕಿದರು. "ನನ್ನ ಮಾತಲ್ಲಿ ನಂಬಿಕೆ ಇಲ್ಲದಿದ್ದರೆ ಇವರನ್ನು ಕೇಳಿ. ಸಾಮಾನೆಲ್ಲ ಇವರ ಜವಾಬ್ದಾರಿ. ದೇವಸ್ಥಾನದ ಮನೆಯವರು. ಹೋಟೆಲಿನ ಲೋಟಕ್ಕೂ ಬಾಯಿ ತಾಗಿಸುವವರಲ್ಲ."

ಜಮಾದಾರ ನಾಗೇಶ್ವರನನ್ನು ನೋಡಿದ. ಹಣೆಯ ಗಂಧ, ಶುಭ್ರ ಪಂಚೆ, ಎದೆಗವುಚಿದ ಪೆಟ್ಟಿಗೆ. "ಹೌದಾ ಭಟ್ರೆ?"

ಇಪ್ಪತ್ತೇಳು ಹುಡುಗರ ಕಣ್ಣು ಅವನ ಮೇಲಿತ್ತು. ಇಲ್ಲ ಅಂದರೆ ಇವರೆಲ್ಲ ಇವತ್ತು ಠಾಣೆಯಲ್ಲಿ ಕೂರುತ್ತಾರೆ ಎಂಬುದು ಅವನಿಗೆ ಹೊಳೆಯಿತು. ಹೆಗಲ ಮೇಲಿನ ಕೈ ಭಾರವಾಗಿ, ಬೆಚ್ಚಗೆ, ಸ್ವಲ್ಪ ಬೆವೆತು ಕೂತಿತ್ತು.

"ಹೌದು. ಮಂಜಿಗೆ ಹಾಗಾಗುತ್ತದೆ" ಎಂದ ನಾಗೇಶ್ವರ.

ಪಟ್ಟಿಯ ಕೆಳಗೆ ಸಹಿ ಹಾಕಿಸಿಕೊಂಡು ಜಮಾದಾರ ಇಳಿದ. ಬಸ್ಸು ಹೊರಟು ಒಂದು ಫರ್ಲಾಂಗು ದಾಟುತ್ತಿದ್ದಂತೆ ಹುಡುಗರು ಹೋ ಎಂದು ಕಿರುಚಿ, "ಭಟ್ರಿಗೆ ಜೈ" ಎಂದು ಸೀಟು ಬಡಿದರು. ಕುಶಾಲಪ್ಪ ಬೆನ್ನು ತಟ್ಟಿ, "ನಿಮ್ಮ ಮುಖ ಒಂದು ಸಾಕು ಮಾರಾಯ್ರೆ, ಪಾಸು ಗೀಸು ಏನೂ ಬೇಡ" ಅಂದರು. ನಾಗೇಶ್ವರ ಕಿಟಕಿಗೆ ತಲೆ ಹಾಕಿದ. ಇಡೀ ಘಾಟಿಯಲ್ಲಿ ತಡೆದುಕೊಂಡದ್ದು ಅಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಹೊರಗೆ ಬಂತು.

ಸುಳ್ಯದಲ್ಲಿ ಬಸ್ಸು ತೊಳೆಸಲು ನಿಲ್ಲಿಸಿದಾಗ ಬೆಳ್ಯಪ್ಪ ಹತ್ತಿರ ಬಂದು ಒಂದೇ ಮಾತು ಕೇಳಿದರು. "ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ."

"ನನಗೂ ಇಲ್ಲ. ಡ್ರಮ್ಮು ನನ್ನದು" ಎಂದು ಅವರು ಹೋಗಿ ನೀರು ಕುಡಿದರು.

ಮಂಗಳೂರಿನಲ್ಲಿ ಇಳಿಸಿದ ಲಾಡ್ಜು ಬಂದರಿನ ಹತ್ತಿರ. ಗೋಡೆಗೆ ಮೊಳದೆತ್ತರ ಎಲೆಯಡಿಕೆಯ ಉಗುಳು, ಹಾಸಿಗೆಯ ಹೊಲಿಗೆಯಲ್ಲಿ ಸಾಲುಗಟ್ಟಿದ ತಿಗಣೆ, ಒಣಮೀನಿನ ವಾಸನೆ. ನಾಗೇಶ್ವರ ಬರಿ ನೆಲದ ಮೇಲೆ ತನ್ನ ಹೊದಿಕೆ ಹಾಸಿಕೊಂಡ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ವಾದ್ಯಗಳನ್ನು ಒರಸಿ ಇಡೋಣವೆಂದು ಮೂಲೆಯ ಕೋಣೆಗೆ ಹೋದರೆ ಕುಶಾಲಪ್ಪ ಮತ್ತು ಪುಟ್ಟಸ್ವಾಮಿ ಡ್ರಮ್ಮಿನ ಹಗ್ಗ ಸಡಿಲಿಸಿ ಒಂದು ಬದಿಯ ಚರ್ಮ ಎತ್ತಿದ್ದರು. ಹುಲ್ಲಿನ ನಡುವೆ ಕಂಬಳಿ ಸುತ್ತಿದ ಬಾಟಲಿಗಳು. ಗೋಡೆಗೊರಗಿ ಒಬ್ಬ ಸಣಕಲು ಮನುಷ್ಯ ಕೂತಿದ್ದ. ಹಂಚಿನ ಕಾರ್ಖಾನೆಯೊಂದರಲ್ಲಿ ರೈಟರಂತೆ. ಅವನು ಒಂದು ಬಾಟಲಿಯನ್ನು ಆಗಲೇ ಬಿಚ್ಚಿ, ಬಾಯಿ ಒರಸಿಕೊಳ್ಳುತ್ತಾ, ನಾಗೇಶ್ವರನನ್ನು ಕಂಡು ಕೈ ಮುಗಿದ. ಒಂದೆರಡನ್ನು ಬಿಟ್ಟು ಉಳಿದವನ್ನು ಒಂದು ಗೋಣಿಗೆ ತುಂಬಿಕೊಂಡು ಹಿಂದಿನ ಮೆಟ್ಟಿಲಿಳಿದು ಹೋದ.

ಅವನು ಹೋದ ಮೇಲೆ ಬೆಳ್ಯಪ್ಪ ಬಂದರು. ಬಿಚ್ಚಿದ ಡ್ರಮ್ಮನ್ನು ನೋಡಿದರು.

"ಸಾರ್, ನಾನು ಕುಡಿಯುವವನೇ. ನೀವು ಕುಡಿಯಲಿಕ್ಕೆ ತಂದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಇದು ಯಾರಿಗೆ ಹೋಯ್ತು?"

"ಹವಲ್ದಾರ್ರೆ, ಮೂರು ವರ್ಷ ಸೋತು ಮುಖ ಒಣಗಿಸಿಕೊಂಡು ಹೋದವನು ನಾನು, ನೀವಲ್ಲ" ಎಂದರು ಕುಶಾಲಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆ ಗೆದ್ದರೆ ಕಾಲೇಜಿಗೆ ದುಡ್ಡು ಕೊಡುವವರು ಮತ್ತೆ ಕೊಡ್ತಾರೆ. ನಿಮ್ಮ ಸಂಬಳವೂ ಅದರಲ್ಲೇ ಬರುವುದು. ನಿಮ್ಮ ಕೆಲಸ ಬಾರಿಸುವುದು. ನಾನು ಕೈ ಎತ್ತಿದಾಗ ಬಾರಿಸಿ, ಅಷ್ಟು ಸಾಕು."

ಬೆಳ್ಯಪ್ಪ ಹೊರಗೆ ಹೋದರು. ನಾಗೇಶ್ವರ ಹುಲ್ಲನ್ನೆಲ್ಲ ಹೆಕ್ಕಿ ತೆಗೆದು, ಡ್ರಮ್ಮಿನ ಒಳಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರಸಿದ. ಎಷ್ಟು ಒರಸಿದರೂ ಬ್ರಾಂದಿಯ ಹುಳಿ ವಾಸನೆ ಹೋಗಲಿಲ್ಲ. ಕೊನೆಗೆ ಹಾಗೇ ಹಗ್ಗ ಬಿಗಿದ.

ಮಾರನೆಯ ದಿನ ಮಧ್ಯಾಹ್ನ ಮೈದಾನದಲ್ಲಿ ಬ್ಯಾಂಡು ಗೆರೆಯ ಪಕ್ಕ ಸಾಲಾಗಿ ನಿಂತಿತು. ರೆಫರಿ ಸೀಟಿ ಹಿಡಿದು ನಡುಗೆರೆಗೆ ನಡೆದು ಬಂದ. ಖಾಕಿ ಚಡ್ಡಿ ಹಾಕಿದ ಸಣಕಲು ಮನುಷ್ಯ. ನಿನ್ನೆ ಬಾಯಿ ಒರಸಿಕೊಂಡು ಕೈ ಮುಗಿದವನೇ. ಬ್ಯಾಂಡಿನ ಮುಂದೆ ಹಾಯುವಾಗ ಇವತ್ತೂ ನಾಗೇಶ್ವರನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ, ಪರಿಚಯದವರಿಗೆ ಆಡಿಸಿದ ಹಾಗೆ. ನಾಗೇಶ್ವರನಿಗೆ ತನ್ನ ಮೈಮೇಲೆ ಏನೋ ಲೋಳೆ ಹರಿದಂತಾಯಿತು.

ಆಟ ನೋಡುವುದು ಅವನಿಗೆ ಬರುತ್ತಿರಲಿಲ್ಲ. ಆದರೆ ಆವತ್ತು ಬಾರದವನಿಗೂ ತಿಳಿಯುವಂತಿತ್ತು. ಮಂಗಳೂರಿನವರು ಹೊಡೆದ ಒಂದು ಗೋಲಿಗೆ ರೆಫರಿ ಏನೋ ನೆಪ ಹೇಳಿ ಇಲ್ಲವೆಂದ. ಮಡಿಕೇರಿಯ ಹುಡುಗರು ಮೊಣಕೈಯಲ್ಲಿ ತಿವಿದರೂ ಅಂಗಿ ಹಿಡಿದು ಎಳೆದರೂ ಸೀಟಿಯಿಲ್ಲ. ಆದರೂ ಗೋಲು ಬೀಳಲಿಲ್ಲ. ಎದುರಾಳಿಗಳ ಗೋಲು ಕಾಯುವವನು ಒಬ್ಬ ತೆಳ್ಳನೆಯ ಹುಡುಗ, ಹೆಸರು ಸೇಸಪ್ಪ. ಮಡಿಕೇರಿಯವರ ಕಾಲಲ್ಲಿ ಮೊಳೆ ಬಡಿದ ಬೂಟು, ಅವನದು ಬರಿಗಾಲು. ಬಂದ ಚೆಂಡನ್ನೆಲ್ಲ ಅವನು ಹಾರಿ ಹಾರಿ ತಬ್ಬಿಕೊಳ್ಳುತ್ತಿದ್ದ. ಅವನು ಹಾರಿದಾಗೊಮ್ಮೆ ಬೆಳ್ಯಪ್ಪನವರ ಬಾಯಲ್ಲಿ "ಶಾಬಾಸ್" ಎಂದು ಬಂದುಬಿಡುತ್ತಿತ್ತು.

ಕೊನೆಗೆ ಹತ್ತು ನಿಮಿಷ ಉಳಿದಿರಬೇಕು. ಸೇಸಪ್ಪ ಚೆಂಡನ್ನು ಹಿಡಿದು ಎದೆಗೊತ್ತಿ ನೆಲಕ್ಕೆ ಬಿದ್ದಿದ್ದ. ಚೆಂಡು ಅವನ ಕೈಯಲ್ಲಿತ್ತು. ಅದನ್ನು ಎಲ್ಲರೂ ನೋಡಿದರು. ಆಮೇಲೆ ಮಡಿಕೇರಿಯ ಮುಂಚೂಣಿಯ ಹುಡುಗ ಎರಡೂ ಕಾಲು ಜೋಡಿಸಿ ಅವನ ಮೊಣಕಾಲಿನ ಕೆಳಭಾಗದ ಮೇಲೆ ಹಾರಿ ಬಿದ್ದ. ಕೊಂಬೆ ಮುರಿದಂಥ ಸದ್ದು ಬ್ಯಾಂಡು ನಿಂತಲ್ಲಿಗೂ ಕೇಳಿತು. ಕೈಯಿಂದ ಜಾರಿದ ಚೆಂಡು ಮೆಲ್ಲಗೆ ಉರುಳಿ ಗೆರೆ ದಾಟಿತು. ರೆಫರಿ ಸೀಟಿ ಊದಿ ಗೋಲಿನ ಕಡೆ ಕೈ ತೋರಿಸಿದ.

ಆಮೇಲೆ ಸೇಸಪ್ಪ ಕೂಗಿದ. ಆ ಕೂಗಿಗೆ ಜನರೆಲ್ಲ ಎದ್ದರು. ಬೊಬ್ಬೆ ಹಾಕುತ್ತಾ ಹಗ್ಗ ಹಾರಿ ರೆಫರಿಯ ಕಡೆ ನುಗ್ಗತೊಡಗಿದರು. ಕುಶಾಲಪ್ಪ ಬ್ಯಾಂಡಿನ ಮುಂದೆ ಓಡಿ ಬಂದು ಎರಡೂ ಕೈ ಎತ್ತಿದರು.

"ಬಾರಿಸಿ! ಗೋಲಾಯ್ತು, ಬಾರಿಸಿ! ಜೋರಾಗಿ!"

ಬೆಳ್ಯಪ್ಪ ಬ್ಯಾಂಡು ನಡೆಸುವ ಕೋಲನ್ನು ಎತ್ತಲಿಲ್ಲ. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ವಯಸ್ಸಿನಲ್ಲಿ, ಗೋಲಿನ ಕಡೆ ಓಡಿದರು. ಕುಶಾಲಪ್ಪನವರೇ ಕೈಯಾಡಿಸಿ ತಾಳ ಹಾಕಿದರು. ಪುಟ್ಟಸ್ವಾಮಿ ಡ್ರಮ್ಮಿಗೆ ಹೊಡೆದ. ಕಾರ್ನೆಟ್ಟುಗಳು ಎದ್ದವು. ನಾಗೇಶ್ವರನೂ ಊದಿದ.

ಯಾಕೆ ಊದಿದೆ ಎಂದು ಅವನು ಆಮೇಲೆ ವರ್ಷಗಟ್ಟಲೆ ತನ್ನನ್ನೇ ಕೇಳಿಕೊಂಡ. ಯಾರೂ ಕತ್ತಿ ಹಿಡಿದಿರಲಿಲ್ಲ. ಸಾಲಿನಲ್ಲಿ ನಿಂತಿದ್ದ, ಕೈ ಎದ್ದಿತು, ಊದಿದ. ಕಣ್ಣು ಮಾತ್ರ ಗೋಲಿನ ಕಡೆಗಿತ್ತು. ಅಲ್ಲಿ ಸೇಸಪ್ಪನ ಬಾಯಿ ಅಗಲವಾಗಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಸದ್ದು ಮಾತ್ರ ಒಂದಿಷ್ಟೂ ಕೇಳುತ್ತಿರಲಿಲ್ಲ. ಅದನ್ನು ಮುಚ್ಚುತ್ತಿದ್ದುದು ತಾವು. ತನ್ನ ಕ್ಲಾರಿನೆಟ್ಟು ಎಲ್ಲಕ್ಕಿಂತ ಮೇಲೆ, ಚೊಕ್ಕಟವಾಗಿ, ಒಂದು ಸ್ವರವೂ ತಪ್ಪದೆ ಕೇಳುತ್ತಿತ್ತು. ಪಲ್ಲವಿ ಎರಡು ಸಲ ಸುತ್ತಿ ಬಂತು. ಮೂರನೆಯ ಸಲಕ್ಕೆ ಅವನ ಬಾಯಲ್ಲಿ ಹುಳಿ ನೀರು ತುಂಬಿತು. ಕ್ಲಾರಿನೆಟ್ಟನ್ನು ಹುಲ್ಲಿನ ಮೇಲೆ ಎಸೆದು ನಡೆದ. ಮೊದಲು ನಡೆದ, ಆಮೇಲೆ ಓಡಿದ.

ಬೆಳ್ಯಪ್ಪ ತಮ್ಮ ಬ್ಯಾಂಡಿನ ಕೋಲನ್ನು ಮುರಿದ ಕಾಲಿಗೆ ಒತ್ತಿಟ್ಟು ತಲೆಯ ರುಮಾಲಿನಿಂದ ಬಿಗಿಯುತ್ತಿದ್ದರು. ಚರ್ಮ ಹರಿದು ಎಲುಬಿನ ತುದಿ ಬೆಳ್ಳಗೆ ಕಾಣುತ್ತಿತ್ತು. ಹುಡುಗ ನೋವಿಗೆ ವಾಂತಿ ಮಾಡಿಕೊಂಡು ಅದರಲ್ಲೇ ಮುಖವಿಟ್ಟಿದ್ದ.

"ಬಂದಿರಾ? ತಲೆ ಹಿಡಿಯಿರಿ" ಎಂದರು ಬೆಳ್ಯಪ್ಪ, ತಿರುಗಿ ನೋಡದೆ. "ಮಗ್ಗುಲಿಗೆ ತಿರುಗಿಸಿ. ಬಾಯೊಳಗೆ ಬೆರಳು ಹಾಕಿ ತೆಗೆಯಿರಿ, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಬೇಗ!"

ನಾಗೇಶ್ವರ ಬೆರಳು ಹಾಕಿ ತೆಗೆದ. ಪಂಚೆಯಿಂದ ಮುಖ ಒರಸಿದ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನ ಗಮನಕ್ಕೇ ಬರಲಿಲ್ಲ. ಚಹಾ ಅಂಗಡಿಯವನೊಬ್ಬ ತನ್ನ ಅಂಗಡಿಯ ಹಲಗೆ ತಂದು ಕೊಟ್ಟ. ಅದರ ಮೇಲೆ ಮಲಗಿಸಿ, ಮುಂದೆ ಬೆಳ್ಯಪ್ಪ, ಹಿಂದೆ ನಾಗೇಶ್ವರ, ನಡುವೆ ಆ ಊರಿನ ಇಬ್ಬರು ಹೊತ್ತರು. "ಯುದ್ಧ ಬಂದರೆ ಬ್ಯಾಂಡಿನವರಿಗೆ ಪಲ್ಟನ್ನಿನಲ್ಲಿ ಇದೇ ಕೆಲಸ. ವಾದ್ಯ ಕೆಳಗಿಡುವುದು, ಗಾಯಾಳು ಹೊರುವುದು. ಹೆಜ್ಜೆ ಕೂಡಿಸಬೇಡಿ ಭಟ್ರೆ, ಕೂಡಿಸಿದರೆ ಹಲಗೆ ತೂಗಾಡುತ್ತದೆ. ಬಿಡಿಬಿಡಿಯಾಗಿ ನಡೆಯಿರಿ" ಎಂದರು ಬೆಳ್ಯಪ್ಪ. ಹಿಂದೆ ಬ್ಯಾಂಡು ಇನ್ನೂ ಬಾರಿಸುತ್ತಲೇ ಇತ್ತು.

ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿದ್ದಾಗ ಒಬ್ಬಳು ಹೆಂಗಸು ತಲೆಯ ಬುಟ್ಟಿಯ ಸಮೇತ ಓಡಿ ಬಂದಳು. ಸೇಸಪ್ಪನ ತಾಯಿ. ಒಳಗೆ ಹೋಗಿ ನೋಡಿ ಬಂದು ಜಗಲಿಯ ಕಂಬಕ್ಕೆ ಒರಗಿ ಕುಳಿತಳು. ಆಮೇಲೆ ನಾಗೇಶ್ವರನ ಅಂಗಿಯ ಹಿತ್ತಾಳೆ ಗುಂಡಿಗಳನ್ನು ನೋಡಿದಳು.

"ನೀವು ಆ ಬ್ಯಾಂಡಿನವರಾ?"

"ಹೌದಮ್ಮ."

"ನಾನು ಗೇಟಿನ ಹೊರಗೆ ಕೂತಿದ್ದೆ. ನೆಲಗಡಲೆ ಮಾರುವುದು. ದೊಡ್ಡ ಬೊಬ್ಬೆ ಕೇಳಿತು. ಎಂತದೋ ಆಯ್ತು ಅಂತ ಎದ್ದೆ. ಅಷ್ಟರಲ್ಲಿ ನಿಮ್ಮ ಬ್ಯಾಂಡು ಸುರುವಾಯ್ತು. ಓ, ಖುಷಿಯದ್ದೇ ಎಂತದೋ ಅಂತ ಎಣಿಸಿ ಪುನಃ ಕೂತುಬಿಟ್ಟೆ." ಅವಳು ಬಯ್ಯಲಿಲ್ಲ. ಆದದ್ದನ್ನು ಹೇಳಿದಳು, ಅಷ್ಟೆ. "ಕಡಲೆ ಕೊಡುತ್ತಾ ಇದ್ದೆ ನಾನು, ಅಷ್ಟೂ ಹೊತ್ತು."

ನಾಗೇಶ್ವರನಿಗೆ ಅಲ್ಲಿ ಕೂರಲಾಗಲಿಲ್ಲ. ಹೊರಗಿನ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತ. ಬೆರಳ ಸಂದಿನಲ್ಲಿ ಒಣಗಿದ ರಕ್ತ, ವಾಂತಿ. ಅದು ಅವನಿಗೆ ಹೇಸಿಗೆಯೆನಿಸಲಿಲ್ಲ. ನೀರು ಬಾಯಿಗೆ ಹಾಕಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ತುಟಿಯನ್ನು ಅಂಗಿಯ ತೋಳಿನಿಂದ ಕೆಂಪಾಗುವವರೆಗೆ ಉಜ್ಜಿದ.

ಲಾಡ್ಜಿಗೆ ಬಂದಾಗ ಹಬ್ಬ ನಡೆಯುತ್ತಿತ್ತು. ಬೆಳ್ಳಿಯ ಬಣ್ಣದ ಕಪ್ಪಿಗೆ ಉಳಿದಿದ್ದ ಒಂದೆರಡು ಬಾಟಲಿ ಸುರಿದು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಅಂಚಿನ ತುಂಬ ಮೀನಿನ ಜಿಡ್ಡು, ಮಸಾಲೆ. ಹಾರಿ ಬಿದ್ದ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವಂತಿರಲಿಲ್ಲ. ಕುಶಾಲಪ್ಪ ಕಪ್ಪನ್ನು ಹಿಡಿದು ಎದುರಿಗೆ ಬಂದರು. ಹಲ್ಲಿನ ಸಂದಿಯಲ್ಲಿ ಬೆಂಕಿಕಡ್ಡಿ.

"ಬನ್ನಿ ಭಟ್ರೆ, ಇವತ್ತೊಂದು ದಿನ ಮಡಿ ಬಿಡಿ. ಇದರಲ್ಲಿ ಅರ್ಧ ನಿಮ್ಮದೇ. ಸಂಪಾಜೆಯಲ್ಲಿ ನೀವಿಲ್ಲದಿದ್ದರೆ ಈ ಕಪ್ಪು ಎಲ್ಲಿತ್ತು?"

ಆ ಮಾತು ಸುಳ್ಳಾಗಿದ್ದರೆ ನಾಗೇಶ್ವರ ಏನಾದರೂ ಹೇಳುತ್ತಿದ್ದ.

"ಆ ಹುಡುಗನ ಕಾಲು ಎರಡು ಕಡೆ ಮುರಿದಿದೆ" ಎಂದ.

"ಅಯ್ಯೋ ಪಾಪ" ಎಂದರು ಕುಶಾಲಪ್ಪ. ಅವರಿಗೆ ನಿಜವಾಗಿಯೇ ಪಾಪ ಅನ್ನಿಸಿತ್ತು, ಮುಖದಲ್ಲಿ ಕಾಣುತ್ತಿತ್ತು. ಅರೆಗಳಿಗೆ ಕಳೆದ ಮೇಲೆ ಕಪ್ಪನ್ನು ಪಕ್ಕದವನಿಗೆ ದಾಟಿಸಿದರು. ನಾಗೇಶ್ವರನಿಗೆ ಎಲ್ಲಕ್ಕಿಂತ ಅಸಹ್ಯವಾದದ್ದು ಆ ಅರೆಗಳಿಗೆಯ ಪಾಪ.

ಬೆಳಿಗ್ಗೆ ಅವನೂ ಬೆಳ್ಯಪ್ಪನವರೂ ತಂಡವನ್ನು ಬಿಟ್ಟು ಲೈನ್ ಬಸ್ಸು ಹಿಡಿದರು. ಮಡಿಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಯಪ್ಪ, "ನಾನು ಕಕ್ಕಬೆಗೆ ಹೋಗ್ತೇನೆ. ಬಾಕಿ ಸಂಬಳಕ್ಕೆ ಬರುವುದಿಲ್ಲ ಅಂತ ಹೇಳಿಬಿಡಿ. ನಿಮಗೆ ಸಂಸಾರ ಇದೆ, ನನ್ನ ಹಾಗೆ ಮಾಡಬೇಡಿ" ಎಂದು ಕೈಕುಲುಕಿ ಹೋದರು.

ನಾಗೇಶ್ವರ ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಊಟ ಸೇರಲಿಲ್ಲ. ಎಷ್ಟು ಕೇಳಿದರೂ ಹೇಳದವನನ್ನು ತ್ರಿಪುರಸುಂದರಿ ನಾಲ್ಕನೆಯ ದಿನ ಅಡಿಗೆಮನೆಯಲ್ಲಿ ಕೂರಿಸಿ ಹೇಳಿಸಿದಳು. ಕೇಳಿ ಮುಗಿದ ಮೇಲೆ ಅವಳು ಸಮಾಧಾನ ಹೇಳಲಿಲ್ಲ. "ಬರೆದು ಕೊಡಿ" ಅಂದಳು. "ನಿಮ್ಮ ಸಹಿಯಿಂದ ಶುರು ಮಾಡಿ. ಅದನ್ನು ಬಿಟ್ಟು ಬರೆದರೆ ನಿಮಗೆ ಮತ್ತೂ ಹೊಟ್ಟೆ ತೊಳಸುತ್ತದೆ."

ಹಾಗೆಯೇ ಬರೆದ. ಒಂದು ಪ್ರತಿ ಪ್ರಿನ್ಸಿಪಾಲರಿಗೆ, ಒಂದು ಪಂದ್ಯದ ಸಮಿತಿಗೆ. ಪ್ರಿನ್ಸಿಪಾಲರು ಮುದುಕರು, ಒಳ್ಳೆಯ ಮಾತಿನವರು. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಅವರ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ ಕಪ್ಪು ಕೂತಿತ್ತು, ಉಜ್ಜಿ ತೊಳೆದು.

"ಮೊದಲ ತಪ್ಪು ನನ್ನದು ಅಂತ ಬರೆದಿದ್ದೀರಿ. ಅದು ಸರಿ. ಅಷ್ಟು ಭಾಗ ಇಟ್ಟುಕೊಳ್ಳೋಣ. ನಿಮಗೊಂದು ಎಚ್ಚರಿಕೆ ಕೊಟ್ಟು ಮುಗಿಸ್ತೇನೆ. ಉಳಿದ ಎರಡು ಪುಟ ಹಿಂದಕ್ಕೆ ತೆಗೆದುಕೊಳ್ಳಿ ನಾಗೇಶ್ವರ. ಶನಿವಾರ ದಾನಿಗಳು ಬರುವವರಿದ್ದಾರೆ."

"ಉಳಿದದ್ದೂ ನಿಜವೇ ಸಾರ್."

"ನಾನು ಅಲ್ಲ ಅಂದೆನೇ?" ಎಂದರು ಪ್ರಿನ್ಸಿಪಾಲರು.

ನಾಗೇಶ್ವರ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಬಂದ. ಸಮಿತಿಯವರಿಂದ ಎರಡು ತಿಂಗಳ ಮೇಲೆ ಉತ್ತರ ಬಂತು. ಫಲಿತಾಂಶ ಪ್ರಕಟವಾದ ಮೇಲೆ ದೂರು ಸ್ವೀಕರಿಸುವ ಪದ್ಧತಿಯಿಲ್ಲ ಎಂದು ಒಂದೇ ಸಾಲು. ಕಪ್ಪು ಅಲ್ಲೇ ಉಳಿಯಿತು. ಕುಶಾಲಪ್ಪನವರಿಗೆ ಊರಿನಲ್ಲಿ ಸನ್ಮಾನವಾಯಿತು. ನಾಗೇಶ್ವರ ಎದುರು ಸಿಕ್ಕರೆ ಅವರು ಆಗಲೂ ಹೆಗಲ ಮೇಲೆ ಕೈ ಹಾಕಲು ಬರುತ್ತಿದ್ದರು. ಇವನು ರಸ್ತೆ ದಾಟಿ ಆ ಕಡೆಗೆ ಹೋಗುತ್ತಿದ್ದ.

ಎಂಟು ತಿಂಗಳು ಕೆಲಸವಿಲ್ಲದೆ ಮಾವನ ಮನೆಯ ಅಕ್ಕಿಯಲ್ಲಿ ಕಳೆದು, ಕೊನೆಗೆ ಕೊಡ್ಲಿಪೇಟೆಯ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಗದ್ದೆ ಬದುವಿನ ಪಕ್ಕದ ಮನೆ, ಹಾಸನದ ಕಡೆಯ ಮಾತಾಡುವ ಮಕ್ಕಳು. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಕಲಿಸಿದ. ಮೂಗು ಸೋರುವ ಮಕ್ಕಳನ್ನು ತಾನೇ ಕರೆದು ಒರಸುತ್ತಿದ್ದ; ಜ್ವರ ಬಂದು ಬೆಂಚಿನ ಮೇಲೆ ಕಾರಿಕೊಂಡ ಮಗುವನ್ನು ಎತ್ತಿಕೊಂಡು ಮನೆಗೆ ಬಿಟ್ಟು ಬರುತ್ತಿದ್ದ. ಮನೆಯಲ್ಲಿ ಮಾತ್ರ ಎಂದಿನ ನಾಗೇಶ್ವರನೇ. ಸಾರು ಮೊಣಕೈಗೆ ಇಳಿಸುವವರ ಎದುರು ಕೂರುತ್ತಿರಲಿಲ್ಲ. ಯಾಕೆ ಹೀಗೆ ಎಂದು ಹೆಂಡತಿ ಕೇಳಿದರೆ ತನಗೂ ಗೊತ್ತಿಲ್ಲ ಅನ್ನುತ್ತಿದ್ದ.

ಸೇಸಪ್ಪನನ್ನು ನೋಡಲು ಅವನು ಮೂರು ಸಲ ಹೋದ. ಎರಡು ಸಲ ಆಸ್ಪತ್ರೆಗೆ, ಮೂರನೆಯ ಸಲ ಎರಡು ವರ್ಷ ಬಿಟ್ಟು ಮನೆಗೆ. ಕಾಲು ಕೂಡಿತ್ತು, ಎರಡಂಗುಲ ಗಿಡ್ಡವಾಗಿ. ಹುಡುಗ ಓದು ಬಿಟ್ಟು ಹಂಚು ಆರಿಸುವ ಕೆಲಸಕ್ಕೆ ಸೇರಿದ್ದ. ಕೂತು ಮಾಡುವ ಕೆಲಸ. ನಾಗೇಶ್ವರ ತಂದಿದ್ದ ಕಿತ್ತಳೆಹಣ್ಣಿನ ಚೀಲವನ್ನು ತಾಯಿ ಒಳಗೆ ಒಯ್ದಳು. ಚಹಾ ಕುಡಿಸಿ, ಬೇಲಿಯವರೆಗೆ ಕಳಿಸಲು ಸೇಸಪ್ಪ ಕುಂಟುತ್ತಾ ಬಂದ.

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ" ಎಂದ. "ನೀವು ಒಳ್ಳೆಯವರು. ನನ್ನ ತಲೆ ಹಿಡಿದುಕೊಂಡದ್ದು ನನಗೆ ನೆನಪುಂಟು. ಆದರೆ ನೀವು ಬಂದು ಹೋದ ಮೇಲೆ ಅಮ್ಮ ಎರಡು ದಿನ ಸರಿಯಾ ಊಟ ಮಾಡುವುದಿಲ್ಲ. ಇನ್ನು ಬರುವುದು ಬೇಡ."

"ಆಗಲಿ" ಎಂದ ನಾಗೇಶ್ವರ.

ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ ಪುತ್ತೂರಿನ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತಿದ್ದ ಮುದುಕ ನಿದ್ದೆ ಹತ್ತಿ ಅವನ ಹೆಗಲಿಗೆ ತಲೆಯಿಟ್ಟು ಜೊಲ್ಲು ಸುರಿಸಿದ. ನಾಗೇಶ್ವರ ಮೈ ಹಿಡಿಮಾಡಿಕೊಂಡು, ಮುದುಕನಿಗೆ ಎಚ್ಚರವಾಗದ ಹಾಗೆ, ಅವನು ಇಳಿಯುವ ಊರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ.